ಮರಿ ಉಂಡ್ತಾ?

ನಮ್ಮ ಮಾವ ಊಟದ ಹೊತ್ತಿಗೆ ತಟ್ಟೆಯನ್ನು ಬೋರಲು ಹಾಕಿಕೊಂಡು ಕಾಯುತ್ತಿದ್ದರು. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಒಂದು ಮಣೆ, ಮುಂದೆ ಬೋರಲು ತಟ್ಟೆ, ಅದರ ಮೇಲೆ ಅವರ ಬಲಗೈ. "ಮರಿ ಉಂಡ್ತಾ?" ಎಂದು ಒಳಗಿದ್ದ ನನ್ನನ್ನು ಕೇಳುವರು. ಮರಿ ಎಂದರೆ ನಮ್ಮ ಮನೆಯ ನಾಯಿ. ಹನ್ನೊಂದು ವರ್ಷವಾಗಿ ಮೂತಿಯೆಲ್ಲ ಬೆಳ್ಳಗಾದ ಕಂದು ಬಣ್ಣದ ಹೆಣ್ಣು ನಾಯಿ ಅವರ ಬಾಯಲ್ಲಿ ಕೊನೆಯವರೆಗೂ ಮರಿಯೇ. ಊರವರೆಲ್ಲ ನಾಯಿ ತಿಂತಾ ಅನ್ನುತ್ತಾರೆ. ಅವರು ಮಾತ್ರ ಉಂಡ್ತಾ ಅನ್ನುತ್ತಿದ್ದರು. ಉಂಡಿತು ಎಂದರೆ ತಟ್ಟೆ ಅಂಗಾತವಾಗುತ್ತಿತ್ತು. ಇಲ್ಲ ಎಂದರೆ ಆ ಹೊತ್ತಿನ ಊಟ ಅವರಿಗೂ ಇಲ್ಲ. ಮೊದಲು ನಾಯಿ, ಆಮೇಲೆ ಮಾವ, ನಮ್ಮ ಗೊಬ್ಬರದ ಅಂಗಡಿಯಿಂದ ಬಂದಾಗ ನನ್ನ ಗಂಡ, ಎಲ್ಲರದೂ ಆದ ಮೇಲೆ ನಾನು. ನನ್ನ ಸರದಿ ಯಾವಾಗ ಬಂತು, ಹೋಯಿತು ಎಂದು ಯಾರೂ ಕೇಳಿದ್ದಿಲ್ಲ.

ಈ ನೇಮ ಶುರುವಾದದ್ದು ನಮ್ಮತ್ತೆ ತೀರಿಕೊಂಡ ಮೇಲೆ. ನಾನು ಬನ್ನೂರಿನಿಂದ ನಂಜನಗೂಡಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ಆಚೀಚೆ. ಎರಡೇ ವರ್ಷಕ್ಕೆ ಅತ್ತೆಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಮೈಸೂರಿನಲ್ಲಿ ಹೇಳಿದರು, ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಇವರು ಊಟ ಬಿಟ್ಟು ತಿಂಗಳುಗಟ್ಲೆ ಆಗಿದೆಯಲ್ರೀ, ಮನೇಲಿ ಒಬ್ರೂ ನೋಡ್ಲಿಲ್ವೇ?" ಎಂದು ಅಲ್ಲಿಯ ಡಾಕ್ಟರು ಮಾವನನ್ನು ಕೇಳಿದರು. ಮೂವತ್ತೆಂಟು ವರ್ಷ ಆಕೆ ಗಂಡ ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ಕೂತು ಉಂಡವರು. ಉಂಡರೋ ಬಿಟ್ಟರೋ ಮಾವನಿಗೇನು ಗೊತ್ತು?

ನನಗೆ ಗೊತ್ತಿತ್ತು. ಅತ್ತೆ ಎರಡು ತುತ್ತು ನುಂಗಿ, ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಗ್ಗಿ ವಾಂತಿ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಂದು ದಿನ ಕೈ ಹಿಡಿದುಕೊಂಡರು. "ಯಾರ್ಗೂ ಏಳ್ಬ್ಯಾಡ ಕಣವ್ವಾ, ಗಾಬ್ರಿ ಬೀಳ್ತಾರೆ. ಪಿತ್ತ ಅಷ್ಟೇಯ, ಓಯ್ತದೆ." ಹೊಸ ಸೊಸೆ ನಾನು, ಅತ್ತೆಯ ಮಾತು ಮೀರುವುದುಂಟೆ ಎಂದು ಸುಮ್ಮನಾದೆ.

ಅತ್ತೆಯ ತಿಥಿಯಾಗಿ ತಿಂಗಳು ಕಳೆದಿರಲಿಲ್ಲ, ಮಾವ ಅಂಗಡಿಯ ಗೊಬ್ಬರದ ಚೀಲಗಳ ಸಂದಿಯಲ್ಲಿ ಸಿಕ್ಕ ನಾಯಿಮರಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಮಾರನೆಯ ದಿನ ಪೂಜೆ ಮುಗಿಸಿ ಎದ್ದವರೇ ಹೇಳಿದರು: "ಅಂಗೈಲಿ ಲಿಂಗ ಇಡ್ಕಂಡು ಮಾತು ಕೊಟ್ಟಿವ್ನಿ ಕಣವ್ವಾ. ಇನ್ಮ್ಯಾಕೆ ಇದು ಉಂಡದಾ ಅಂತ ಕೇಳ್ದೆ ನಾನು ಉಣ್ಣಕಿಲ್ಲ." ದುಃಖದಲ್ಲಿದ್ದಾರೆ, ತಿಂಗಳೊಪ್ಪತ್ತಿನಲ್ಲಿ ಮರೆಯುತ್ತಾರೆ ಅಂದುಕೊಂಡೆ. ಹನ್ನೊಂದು ವರ್ಷ ಮರೆಯಲಿಲ್ಲ! ನಾಯಿ ಹೊಟ್ಟೆಬಾಕ, ರಾಗಿಮುದ್ದೆ, ಹಾಲು, ರಸಬಾಳೆ ಹಣ್ಣು, ಏನು ಹಾಕಿದರೂ ಎರಡು ನಿಮಿಷದಲ್ಲಿ ಬಟ್ಟಲು ನೆಕ್ಕಿಬಿಡುತ್ತಿತ್ತು. ಹಾಗಾಗಿ ನೇಮ ಯಾರಿಗೂ ಭಾರವಾಗಿರಲಿಲ್ಲ.

ಹನ್ನೊಂದನೆಯ ವರ್ಷ ಅದರ ಹೊಟ್ಟೆಯ ಕೆಳಗೆ, ಮೊಲೆಯ ಪಕ್ಕ, ಒಂದು ಗಂಟು ಬಂತು. ನಿಂಬೆಹಣ್ಣಿನಷ್ಟಿದ್ದದ್ದು ತೆಂಗಿನಕಾಯಿಯಷ್ಟಾಗಿ ನೆಲಕ್ಕೆ ಉಜ್ಜತೊಡಗಿತು. ದನದ ಆಸ್ಪತ್ರೆಯ ಡಾಕ್ಟರು ಮುಟ್ಟಿ ನೋಡಿ, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ನೋವಿಗೆ ಮಾತ್ರೆ ಬರೆದುಕೊಟ್ಟರು. "ಕ್ಯಾನ್ಸರ್ ಯಜಮಾನ್ರೇ. ಶ್ವಾಸಕೋಶಕ್ಕೂ ಹತ್ತಿರೋ ಹಾಗಿದೆ. ಈ ವಯಸ್ಸಲ್ಲಿ ಕುಯ್ದು ಪ್ರಯೋಜನ ಇಲ್ಲ. ನರಳಾಟ ಜಾಸ್ತಿ ಆದ್ರೆ ಹೇಳಿ, ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ."

"ನನ್ ಎಂಡ್ರಿಗೂ ಇಂಗೇ ಏಳ್ತಿದ್ರಾ ಸಾ ನೀವು?" ಎಂದರು ಮಾವ. ಪಾಪ, ಆ ಡಾಕ್ಟರು ತಲೆ ತಗ್ಗಿಸಿ ಚೀಟಿ ನೋಡತೊಡಗಿದರು. ನಾನು ಮನಸ್ಸಿನಲ್ಲಿ ಇಂಜೆಕ್ಷನ್ನಿಗೆ ಹೂಂ ಅಂದಿದ್ದೆ.

ಯಾಕೆಂದರೆ ನಾಯಿ ಊಟ ಬಿಟ್ಟಿತ್ತು. ನಾಯಿ ಬಿಟ್ಟರೆ ಮಾವನೂ ಬಿಟ್ಟಹಾಗೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ, ಎರಡು ಹೊತ್ತೂ ಮಾತ್ರೆ ನುಂಗುವವರು. ಮೂರು ದಿನ ನಾಯಿ ನೆಕ್ಕಿ ಬಿಟ್ಟ ಹಾಲಿನ ಲೆಕ್ಕದಲ್ಲಿ ಅವರೂ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ. ಬಟ್ಟಲಿನ ಮುದ್ದೆಯನ್ನು ಗೋಡೆಯಾಚೆ ಎಸೆದು, ಬಟ್ಟಲು ತೊಳೆದಿಟ್ಟು, "ಉಂಡ್ತು ಮಾವ" ಎಂದೆ. ತಟ್ಟೆ ಅಂಗಾತವಾಯಿತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಎರಡು ಕಾಗೆಗಳು ಮುದ್ದೆಯ ಚೂರು ಕಚ್ಚಿಕೊಂಡು ಬಂದು ಗೋಡೆಯ ಮೇಲೆ ಕೂತವು. ಮಾವ ತುತ್ತನ್ನು ತಟ್ಟೆಗೆ ಹಾಕಿ ಎದ್ದರು. "ಉಂಡಿದ್ದು ಕಾಗೆ ಕಣವ್ವಾ, ಮರಿ ಅಲ್ಲ" ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ನನ್ನ ಮಾತಿಗೆ ಬೆಲೆ ಹೋಯಿತು. ತಾವೇ ನಾಯಿಯ ಎದುರು ಕೂತು, ಕಣ್ಣಾರೆ ನೋಡಿದ ಮೇಲೆಯೇ ಊಟ.

ಅದೇ ವಾರ ಬೆಳಿಗ್ಗೆ ಸಕ್ಕರೆ ಮಾತ್ರೆ ನುಂಗಿ, ನಾಯಿ ಬಾಯಿ ತೆರೆಯದೆ, ಹಸಿದು ಕೂತವರು ಹಾಗೇ ಬೆವತು ಮೆಟ್ಟಿಲಿನಿಂದ ಜಾರಿ ಬಿದ್ದರು. ಸಕ್ಕರೆ ನೀರು ಬಾಯಿಗೆ ಹಾಕಿ ಎಬ್ಬಿಸಿದೆವು. ನನ್ನ ಗಂಡ ಅಂಗಡಿಯಿಂದ ಓಡಿ ಬಂದು ನನ್ನ ಮೇಲೇ ಹಾರಾಡಿದ. "ಹೇಗಾದ್ರೂ ಮಾಡಿ ಆ ನಾಯಿಗೆ ತಿನ್ಸೇ!" ಹೇಗಾದರೂ! ದವಡೆ ಅಗಲಿಸಿ ತುರುಕಲೇ? ನಾಯಿಯನ್ನು ಕಳಿಸಿಬಿಡಿ ಎಂದರೆ ಮಾವ ತಟ್ಟೆ ಮುಟ್ಟುವುದಿಲ್ಲ. ಉಳಿಸಿಕೊಳ್ಳೋಣವೆಂದರೆ ನಾಯಿ ಬಟ್ಟಲು ಮುಟ್ಟುವುದಿಲ್ಲ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಮಾವನಿಗೇ ಒಂದು ದಾರಿ ಹೊಳೆಯಿತು. ಟಿ. ನರಸೀಪುರದಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಒಬ್ಬ ಸೂಜಿ ಡಾಕ್ಟರಿದ್ದರು. ಸೈನ್ಯದಲ್ಲಿದ್ದು ನಿವೃತ್ತರಾದವರು, ಕಲ್ಕತ್ತೆಯಲ್ಲಿದ್ದಾಗ ಅಲ್ಲಿನ ಚೀನಾದವರೊಬ್ಬರ ಬಳಿ ಅವರ ಅಕ್ಯುಪಂಕ್ಚರ್ ವೈದ್ಯ ಕಲಿತಿದ್ದರು. ಮಾವನ ಮಂಡಿನೋವಿಗೆ ಹಿಂದಿನ ವರ್ಷ ಅವರೇ ಸೂಜಿ ಚುಚ್ಚಿ ನಡೆದಾಡುವ ಹಾಗೆ ಮಾಡಿದ್ದರು. ಗುರುವಾರ ಗುರುವಾರ ನಮ್ಮ ಅಂಗಡಿಯ ಟೆಂಪೊ ಗೊಬ್ಬರ ಹೇರಿಕೊಂಡು ಸುತ್ತೂರಿನ ಮೇಲೆ ಆ ಕಡೆ ಹೋಗುತ್ತಿತ್ತು. ನಾಯಿಯನ್ನು ಯಾವ ಬಸ್ಸಿನವನು ಹತ್ತಿಸುತ್ತಾನೆ? ಟೆಂಪೊದ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಮಾವ, ನಡುವೆ ನಾನು, ನನ್ನ ತೊಡೆಯ ಮೇಲೆ ಹಳೇ ಕಂಬಳಿಯಲ್ಲಿ ನಾಯಿ. ಹಿಂದಿನಿಂದ ಯೂರಿಯಾ ವಾಸನೆ, ತೊಡೆಯ ಮೇಲೆ ಗಂಟಿನ ಕೀವಿನ ವಾಸನೆ. ಆ ಒಂದು ಗಂಟೆಯಲ್ಲಿ ಕಾಲು ಸರಿಸಲೂ ಜಾಗವಿರುತ್ತಿರಲಿಲ್ಲ.

"ನಾನು ಮನುಷ್ಯರ ಸೊಂಟ, ಮಂಡಿ ನೋಡೋನು ಸ್ವಾಮಿ" ಎಂದು ಡಾಕ್ಟರು ಮೊದಲು ಒಪ್ಪಲಿಲ್ಲ.

"ನಂಗೆ ಚುಚ್ಚಿದ್ನೇ ಅದ್ಕೂ ಚುಚ್ಚಿ ಸಾ. ಅದೂ ನಾಲ್ಕು ಕಾಲಿಂದು, ಎರಡು ಕಾಲಿಗಿಂತ ಜಾಸ್ತೀನೇ ನೋವಿರ್ತದೆ."

ಡಾಕ್ಟರು ನಕ್ಕರು. ತಮ್ಮ ಗುರುಗಳೂ ಒಂದು ಮುದಿನಾಯಿ ಸಾಕಿದ್ದರೆಂದೂ, ಅದಕ್ಕೆ ಎಲ್ಲೆಲ್ಲಿ ಚುಚ್ಚುತ್ತಿದ್ದರೆಂದು ತಾವು ನೋಡಿರುವುದಾಗಿಯೂ ಹೇಳಿದರು. ದನದ ಡಾಕ್ಟರ ಚೀಟಿಯನ್ನು ಪೂರ್ತಿ ಓದಿದರು. "ನೋಡಿ, ಗಂಟು ಕರಗುತ್ತೆ ಅಂತ ನಾನು ಹೇಳೋದಿಲ್ಲ. ಅವರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ನೋವು ಸ್ವಲ್ಪ ತಗ್ಗಬಹುದು, ಹೊಟ್ಟೆ ಹಸಿಯಬಹುದು. ಅಷ್ಟೇ."

"ಅಷ್ಟೇ ಸಾಕು ಸಾ" ಎಂದೆ ನಾನು, ಮಾವನಿಗಿಂತ ಮೊದಲು.

ಕೂದಲೆಳೆಯಂಥ ಸೂಜಿಗಳು. ಬೆನ್ನಿನ ಮೇಲೆ ಎರಡು, ಹಿಂಗಾಲುಗಳಲ್ಲಿ ಮಂಡಿಯ ಕೆಳಗೆ ಒಂದೊಂದು. ಕಚ್ಚುತ್ತದೇನೋ ಎಂದು ನಾನು ಮೂತಿ ಹಿಡಿದುಕೊಂಡಿದ್ದರೆ ಅದು ಉಸಿರು ಬಿಟ್ಟು ಕಣ್ಣು ಮುಚ್ಚಿತು. ಕಾಲಿನ ಆ ಜಾಗಕ್ಕೆ ಚೀನಾದವರು ಇಟ್ಟ ಹೆಸರಿಗೆ 'ಕಾಲಿನ ಮೂರು ಮೈಲಿ' ಎಂಬಂಥ ಅರ್ಥವಂತೆ. ಸುಸ್ತಾಗಿ ಬಿದ್ದವನಿಗೆ ಅಲ್ಲಿ ಒತ್ತಿದರೆ ಎದ್ದು ಇನ್ನೂ ಮೂರು ಮೈಲಿ ನಡೆಯುತ್ತಾನೆಂದು ಹೇಳುತ್ತಾರಂತೆ. ಆಮೇಲೆ ಡಾಕ್ಟರು ಬೀಡಿಯಂತೆ ಸುತ್ತಿದ ಏನೋ ಒಂದು ಸೊಪ್ಪಿನ ಕಡ್ಡಿಯನ್ನು ಹೊತ್ತಿಸಿ ಅದರ ಕೆಂಡವನ್ನು ಸೂಜಿಯ ಹತ್ತಿರ ಹಿಡಿದರು. ಹೊಗೆ ಮೂಗಿಗೆ ಬಡಿದದ್ದೇ ತಡ, "ಅಯ್ಯೋ, ಇದು ಮಾಚಿಪತ್ರೆ!" ಎಂದುಬಿಟ್ಟೆ. ನಾವು ಕನಕಾಂಬರದ ಜೊತೆ ಸೇರಿಸಿ ಕಟ್ಟಿ ಮುಡಿಯುವ ಮಾಚಿಪತ್ರೆ. "ಅದರ ಜಾತಿಯದೇ ಕಣಮ್ಮ. ಅವರು ಒಣಗಿಸಿ ಸುಡ್ತಾರೆ, ನೀವು ಮುಡೀತೀರಿ" ಎಂದರು ಡಾಕ್ಟರು. ಶುಂಠಿ, ಜ್ಯೇಷ್ಠಮಧು, ಇನ್ನೊಂದು ಹಳದಿ ಬೇರು ಸೇರಿಸಿದ ಪುಡಿಯ ಪೊಟ್ಟಣವನ್ನೂ ಕೊಟ್ಟರು. ಹಳದಿ ಬೇರು ಕಲ್ಕತ್ತೆಯಿಂದ ಅಂಚೆಯಲ್ಲಿ ಬರುತ್ತಿತ್ತು.

ಮರುದಿನ ಮಧ್ಯಾಹ್ನ ನಾಯಿ ಎದ್ದು ಬಂದು ಅರ್ಧ ಬಟ್ಟಲು ಮೊಸರನ್ನ ತಿಂದಿತು. ಮಾವನ ತಟ್ಟೆ ಅಂಗಾತವಾದ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನಾಯಿಯ ಮೇಲಿನ ಪ್ರೀತಿಗಲ್ಲ, ಸುಳ್ಳೇಕೆ ಹೇಳಲಿ. ನನಗೆ ಹಸಿವಾಗಿತ್ತು.

ಹಾಗೆ ಶುರುವಾದ ಗುರುವಾರಗಳು ಮುಗಿಯಲೇ ಇಲ್ಲ. ಸೂಜಿಯ ಗುಣ ನಾಲ್ಕೈದು ದಿನ ಇರುತ್ತಿತ್ತು. ಬುಧವಾರ ಬರುವ ಹೊತ್ತಿಗೆ ನಾಯಿ ಬಟ್ಟಲಿಗೆ ಬೆನ್ನು ಹಾಕುತ್ತಿತ್ತು, ಮಾವ ಮಜ್ಜಿಗೆಗೆ ಇಳಿಯುತ್ತಿದ್ದರು. ತವರಿನಲ್ಲಿ ಅಣ್ಣನ ಮಗುವಿನ ನಾಮಕರಣವಾಯಿತು, ನಾನು ಹೋಗಲಿಲ್ಲ. ಹೋದರೆ ಪುಡಿ ಕುದಿಸುವವರಾರು, ಬಟ್ಟಲು ಹಿಡಿಯುವವರಾರು? ಗಂಡನನ್ನು ಕೇಳಿದರೆ "ಅಪ್ಪ ಹೇಳಿದ ಹಾಗೆ ಮಾಡು" ಎನ್ನುವ ಒಂದೇ ಮಂತ್ರ.

ನರಸೀಪುರದಲ್ಲಿ ಡಾಕ್ಟರ ಕಿಟಕಿಗೆ ನೇರವಾಗಿ ಬನ್ನೂರಿನ ಬಸ್ಸು ನಿಲ್ಲುತ್ತಿತ್ತು. ನಾಯಿಗೆ ಸೂಜಿ ಚುಚ್ಚಿ ಇಪ್ಪತ್ತು ನಿಮಿಷ ಬಿಡಬೇಕು. ಆ ಇಪ್ಪತ್ತು ನಿಮಿಷವೂ ಬನ್ನೂರು ಬನ್ನೂರು ಎಂದು ಕಂಡಕ್ಟರ್ ಕೂಗುತ್ತಿದ್ದ. ಒಂದು ಗುರುವಾರ, ಯಾವ ಜಗಳವೂ ಇಲ್ಲದೆ, ನೀರು ಕುಡಿದು ಬರುತ್ತೇನೆಂದು ಎದ್ದವಳು ರಸ್ತೆ ದಾಟಿ ಬಸ್ಸು ಹತ್ತಿ ಕೂತುಬಿಟ್ಟೆ. ಕೈಯಲ್ಲಿ ಚೀಲವಿಲ್ಲ, ಸೀರೆಯ ತುಂಬ ನಾಯಿಯ ಕೂದಲು. "ಬನ್ನೂರಾ ಅಕ್ಕಾ?" ಎಂದ ಕಂಡಕ್ಟರ್. ಹೂಂ ಎನ್ನಲು ಬಾಯಿ ತೆರೆದೆ. ಕಿಟಕಿಯಲ್ಲಿ ಆ ಕಡೆ ನೋಡಿದರೆ ಮಾವ ನಾನು ಹಿಡಿಯುತ್ತಿದ್ದ ಹಾಗೆಯೇ ಎರಡು ಕೈಯಲ್ಲಿ ನಾಯಿಯ ಮೂತಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಮಾತ್ರೆ ಬಿಟ್ಟರೆ ಏನೂ ಬಿದ್ದಿರಲಿಲ್ಲ. "ಅಲ್ಲ" ಎಂದು ಇಳಿದೆ. ಅವನು ಏನೋ ಗೊಣಗಿದ. ಅಂದು ಟೆಂಪೊದಲ್ಲಿ ವಾಪಸು ಬರುವಾಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಈ ನಾಯಿ ಇವತ್ತೇ ಸಾಯಬಾರದೇ ಎಂದು ಗಟ್ಟಿಯಾಗಿಯೇ ಅಂದುಕೊಂಡೆನೇನೋ. ಡ್ರೈವರು ನನ್ನ ಮುಖ ನೋಡಿದ.

ಎರಡು ತಿಂಗಳಾದ ಮೇಲೆ ಡಾಕ್ಟರು ನಾಯಿಯ ಒಸಡು ನೋಡಿ, "ರಕ್ತ ಇಳಿದುಹೋಗಿದೆ. ಈ ವೈದ್ಯದಲ್ಲಿ ಊಟವೇ ಅರ್ಧ ಔಷಧ. ಮೊಸರನ್ನ, ಮುದ್ದೆ ಸಾಲದು. ಕುರಿಯ ಲಿವರ್, ಈರಲ್ಲಿ ಅಂತಾರಲ್ಲ, ಅದನ್ನ ಬೇಯಿಸಿದ ಸಾರು ಕೊಡಿ" ಎಂದರು. ಮಾವ ಆಗ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಈರಲ್ಲಿ! ಲಿಂಗ ಕಟ್ಟಿದ ಮನೆ, ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿದ್ದಿಲ್ಲ. ಆ ನಾಯಿಯೂ ಹುಟ್ಟಾ ಲಿಂಗಾಯತ ನಾಯಿ.

ನಮ್ಮ ಮನೆಯ ಮುಸುರೆ ತಿಕ್ಕುವ ಹೆಂಗಸಿಗೆ ಗುಟ್ಟಾಗಿ ಹೇಳಿದೆ. "ಅಯ್ಯೋ, ಅದ್ಕೇನಂತೆ ಅಮ್ಮೋರೆ, ನಮ್ಮನೇಲಿ ಬೇಯಿಸ್ಕಂಡು ತತ್ತೀನಿ" ಎಂದು ಅವಳು ದಿನಾ ಒಂದು ಡಬ್ಬಿಯಲ್ಲಿ ಸೆರಗಿನ ಕೆಳಗೆ ಮುಚ್ಚಿ ತರತೊಡಗಿದಳು. ನಾನು ಹಿತ್ತಿಲಲ್ಲೇ ಉಸಿರು ಬಿಗಿಹಿಡಿದು ಅದನ್ನು ಮುದ್ದೆಗೆ ಕಲಸಿ, ಸೀಗೆಪುಡಿ ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದೆ. ನಾಯಿ ಹಳೆಯ ಕಾಲದ ಹಾಗೆ ಬಟ್ಟಲು ನೆಕ್ಕಿತು. ಮೆಟ್ಟಿಲ ಮೇಲೆ ಕೂತ ಮಾವನಿಗೆ ವಾಸನೆ ಬಡಿಯದೇ ಇರುತ್ತದೆಯೇ? ನಾಲ್ಕನೆಯ ದಿನ ನಾನೇ ತಾಳಲಾರದೆ, "ಮಾವ, ಡಾಕ್ಟ್ರು ಹೇಳಿದ್ರು ಅಂತ..." ಎಂದು ಶುರುಮಾಡಿದೆ. ಅವರು ಕೈ ಅಡ್ಡ ಮಾಡಿದರು.

"ಉಂಡ್ತಾ ಅಂತ ಕೇಳ್ದೆ ಕಣವ್ವಾ. ಏನ್ ಉಂಡ್ತು ಅಂತ ನಾನೇನಾದ್ರೂ ಕೇಳ್ದ್ನಾ?"

ಆ ಮಾತಿಗೆ ನನಗೆ ಅವರ ಮೇಲೆ ಮೊದಲ ಸಲ ನಿಜವಾದ ಅಕ್ಕರೆ ಹುಟ್ಟಿತು. ಹಾಳಾದ್ದು, ಅಕ್ಕರೆ ಹುಟ್ಟಿದರೆ ಕಟ್ಟು ಇನ್ನೂ ಬಿಗಿ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಒಗೆದ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ಮಾವ ಆಗ ತಾನೇ ಉಂಡು ಒಳಗೆ ಮಲಗಿದ್ದರು. ಒಗೆಯುವ ಕಲ್ಲಿನ ಹಿಂದೆ ಏನೋ ಸದ್ದು. ನೋಡಿದರೆ ನಾಯಿ ಕಾಲು ಅಗಲಿಸಿ ನಿಂತು, ತಿಂದದ್ದನ್ನೆಲ್ಲ ಕಕ್ಕಿ, ಮುಂಗಾಲಿನಿಂದ ಮಣ್ಣು ಎಳೆದು ಮುಚ್ಚುತ್ತಿತ್ತು. ಪಕ್ಕದಲ್ಲಿ ಹಿಂದಿನ ದಿನದ್ದು, ಅದರ ಹಿಂದಿನ ದಿನದ್ದು, ಒಣಗಿದ ಗುಡ್ಡೆಗಳು. ಅದೇ ಕಲ್ಲು.

ಮರುದಿನ ಕಣ್ಣಿಟ್ಟು ನೋಡಿದೆ. ಮಾವ ಮಣೆಯ ಮೇಲೆ ಕೂತರು, ತಟ್ಟೆ ಬೋರಲು. ನಾಯಿ ಬಟ್ಟಲು ಮೂಸಿತು, ಬೇಡವೆಂದು ತಲೆ ತಿರುಗಿಸಿತು. ಮತ್ತೆ ಮಾವನ ಕಡೆ ನೋಡಿತು. ಅವರು ಅಲ್ಲೇ ಕೂತಿದ್ದರು. ಆಮೇಲೆ ತಲೆ ಬಗ್ಗಿಸಿ ತಿಂದಿತು. ನಾಯಿಗೆ ನೇಮ ಅರ್ಥವಾಗುತ್ತದೆ ಎಂದು ನಾನು ಹೇಳುವುದಿಲ್ಲ, ನಾನು ಕಂಡದ್ದನ್ನು ಹೇಳುತ್ತೇನೆ. ತಟ್ಟೆ ಅಂಗಾತವಾದ ಮೇಲೆ ಅದು ಕುಂಟುತ್ತ ಕಲ್ಲಿನ ಹಿಂದಕ್ಕೆ ಹೋಯಿತು.

ನಾನು ಹೋಗಿ ಅದು ಕಕ್ಕಿದ್ದರ ಮೇಲೆ ಮಣ್ಣು ಎಳೆದೆ. ಎಂಟು ದಿನ ಹಾಗೇ ಎಳೆದೆ. ಹೇಳಿದರೆ ಮಾವ ಊಟ ಬಿಡುತ್ತಾರೆ. ಹೇಳದಿದ್ದರೆ? ಹೇಳದಿದ್ದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಒಂಬತ್ತನೆಯ ದಿನ ಬುಧವಾರ. ಮಾವ ಉಂಡು ಕೈತೊಳೆದು, "ನಾಳೆ ಗುರ್ವಾರ, ಕಂಬ್ಳಿ ಒಗ್ದು ಆಕವ್ವಾ" ಎಂದರು. ಮಾವನ ಕೈಯನ್ನು ಹಿಡಿದೆ. ಅದುವರೆಗೆ ಒಂದು ಸಲವೂ ನಾನಾಗಿ ಅವರ ಕೈ ಹಿಡಿದವಳಲ್ಲ. ದರದರ ಎಳೆದುಕೊಂಡು ಹೋಗಿ ಕಲ್ಲಿನ ಹಿಂದೆ ನಿಲ್ಲಿಸಿದೆ. ನಾಯಿ ಇನ್ನೂ ಬಗ್ಗಿಯೇ ಇತ್ತು.

"ನೋಡಿ ಮಾವ. ನಿಮ್ಮ ಕಣ್ಣ ಮುಂದೆ ತಿಂತದೆ, ಇಲ್ಲಿ ಬಂದು ಕಕ್ತದೆ. ಅತ್ತೇನೂ ಇಲ್ಲೇ, ಇದೇ ಕಲ್ಲಿನ ಹಿಂದೆ ಕಕ್ತಿದ್ರು. ನಾನು ನೋಡ್ದೆ. ಹೇಳ್ಬೇಡ ಅಂದ್ರು, ಹೇಳ್ಲಿಲ್ಲ. ಇದನ್ನಾದ್ರೂ ಹೇಳ್ತೀನಿ ಮಾವ, ಇದನ್ನಾದ್ರೂ ಹೇಳ್ತೀನಿ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಅತ್ತುಬಿಟ್ಟೆ.

ಮಾವ ಅಲ್ಲೇ ಕೆಸರಿನಲ್ಲಿ ಕೂತು ನಾಯಿಯ ಬಾಯನ್ನು ತಮ್ಮ ಪಂಚೆಯ ಚುಂಗಿನಿಂದ ಒರೆಸಿದರು. ಎದ್ದು ಒಳಗೆ ಬಂದಾಗ ಕೇಳಿದ್ದು ಒಂದೇ: "ಎಷ್ಟು ದಿನ ಕಕ್ಕಿದ್ಲವ್ವಾ ಅವ್ಳು?"

"ಆರು ತಿಂಗಳು ಮಾವ."

ಮಾರನೆಯ ದಿನ, ಗುರುವಾರ, ಟೆಂಪೊ ನಮ್ಮನ್ನು ಬಿಟ್ಟು ಹೋಯಿತು. ಮಾವನೇ ನಡೆದು ಹೋಗಿ ದನದ ಡಾಕ್ಟರನ್ನು ಕರೆತಂದರು. ನಾಯಿಯ ಹಣೆಗೆ ವಿಭೂತಿ ಹಚ್ಚಿದರು. ಸೂಜಿಗೆ ಅಂಜದ ನಾಯಿ, ಎಲ್ಲ ಗುರುವಾರಗಳ ಹಾಗೆಯೇ ಉಸಿರು ಬಿಟ್ಟು ಕಣ್ಣು ಮುಚ್ಚಿತು. ಮೂತಿ ಹಿಡಿದಿದ್ದದ್ದು ನಾನು. ಸಾಯಬಾರದೇ ಎಂದು ಹಾರೈಸಿದವಳೂ ನಾನೇ. ಹಿತ್ತಿಲ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ನಾನು ಗೂಟದಿಂದ ಬಿಚ್ಚಿದ ಹಸುವಿನ ಹಾಗೆ, ಎಲ್ಲಿ ಹೋಗಬೇಕೆಂದು ತಿಳಿಯದೆ ಮನೆಯೆಲ್ಲ ಸುತ್ತಿದೆ. ಅಂದು ಮಾವ ಉಣ್ಣಲಿಲ್ಲ. ಅದು ಸರಿಯೇ ಎಂದು ನಾನೂ ಬಲವಂತ ಮಾಡಲಿಲ್ಲ. ನಾಳೆಯಿಂದ ನೇಮವೂ ಇಲ್ಲ, ಮುಂದಿನ ವಾರ ಬನ್ನೂರಿಗೆ ಹೋಗಿ ನಾಲ್ಕು ದಿನ ಇದ್ದು ಬರಬೇಕೆಂದು ಮನಸ್ಸಿನಲ್ಲೇ ಸೀರೆ ಜೋಡಿಸಿಟ್ಟೆ.

ಮರುದಿನ ಮಧ್ಯಾಹ್ನ ಮುದ್ದೆ ಕಟ್ಟಿ, ಬಸ್ಸಾರು ಬಿಸಿ ಮಾಡಿ, ಮಾವನನ್ನು ಕರೆದೆ. ಹಿತ್ತಿಲ ಬಾಗಿಲಿಗೆ ಹೋಗಬೇಕಾದವರು ಮಣೆ ಎತ್ತಿಕೊಂಡು ಅಡುಗೆಮನೆಯೊಳಕ್ಕೆ ಬಂದರು. ಅತ್ತೆ ಕೂರುತ್ತಿದ್ದ ಮೂಲೆಯ ಎದುರಿಗೆ ಮಣೆ ಹಾಕಿ ಕೂತರು. ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಕೈಯಿಟ್ಟರು.

"ನೀನು ಉಂಡ್ಯೇನವ್ವಾ?"

ಮದುವೆಯಾಗಿ ಹದಿಮೂರು ವರ್ಷವಾಗಿತ್ತು. "ನೀವು ಉಣ್ಣಿ ಮಾವ, ನಂದು ಆಮೇಲೆ" ಎಂದೆ.

"ಊಂಊಂ. ಬಡಿಸ್ಕೊ."

ಬೇಡವೆಂದೆ, ಹಸಿವಿಲ್ಲವೆಂದೆ, ಸಿಟ್ಟು ಮಾಡಿದೆ. ಅವರು ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಮಾತ್ರೆ ನುಂಗಿ ಆಗಿತ್ತು; ಹಣೆಯ ಮೇಲೆ ಆಗಲೇ ಬೆವರು ಕಾಣುತ್ತಿತ್ತು. ಕೊನೆಗೆ ಅತ್ತೆಯ ಮೂಲೆಯಲ್ಲಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಇಡೀ ಮುದ್ದೆ ಮುಗಿಸಿದೆ. ಕೈ ತೊಳೆಯಲು ಹಿತ್ತಿಲಿಗೆಂದು ಎದ್ದೆ.

"ಅಲ್ಲಿಗೋಗ್ಬ್ಯಾಡ" ಎಂದರು ಮಾವ. ಚೊಂಬಿನಲ್ಲಿ ತಾವೇ ನೀರು ಸರಿಸಿ, "ತಟ್ಟೇಲೇ ತೊಳ್ಕೊ. ಒಂದೀಟು ಒತ್ತು ನನ್ನೆದ್ರುಗೇ ಕೂತಿರು" ಎಂದರು.

ನಾನು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಟ್ಟೆಯನ್ನು ಅಂಗಾತ ಮಾಡಿದರು.